ಮರಳುಗಾಡಿನ ಬಂಗಾರ ಬನ್ನಿ

ವಿಜಯದಶಮಿಯ ಸಂಜೆ ಹಿರಿಯರ ಕೈಗೆ ಬನ್ನಿಯನ್ನಿತ್ತು ನಮಸ್ಕರಿಸುವುದು ನಮ್ಮ ನಾಡಿನ ಸಂಪ್ರದಾಯ. ಆ ಎಲೆಯನ್ನು ನಾವು ಬಂಗಾರವೆಂದೇ ಭಾವಿಸುತ್ತೇವೆ. ಆದರೆ ಬನ್ನಿಯು ಜನಜೀವನಕ್ಕೆ ನಿಜವಾಗಿಯೂ ಬಂಗಾರವಾಗಿರುವ ನಾಡೊಂದಿದೆ. ಅದುವೇ ರಾಜಸ್ಥಾನದ ಥಾರ್ ಮರುಭೂಮಿ. ಅಲ್ಲಿಯವರು ಈ ಮರವನ್ನು ‘ಖೇಜಡಿ’ ಎಂದು ಕರೆಯುತ್ತಾರೆ. ಅದು ಆ ರಾಜ್ಯದ ಅಧಿಕೃತ ವೃಕ್ಷವೂ ಹೌದು.

ಥಾರಿನ ಬೇಗೆ ಸಾಮಾನ್ಯವಾದುದಲ್ಲ. 2016ರ ಮೇ 19ರಂದು ಫಲೋಡಿ ಪಟ್ಟಣದಲ್ಲಿ 51 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು. ಜೈಸಲ್ಮೇರದ ಕಡೆ ವರ್ಷಕ್ಕೆ 200 ಮಿಲಿಮೀಟರ್ ಮಳೆ ಬಂದರೆ ಅದೇ ಹೆಚ್ಚು. ಇಂತಹ ನೆಲದಲ್ಲಿ ಸಸ್ಯಗಳು ಬದುಕುವುದಾದರೂ ಹೇಗೆ?

ಒಂದೊಂದು ಸಸ್ಯದ್ದು ಒಂದೊಂದು ಮಾರ್ಗ. ಕೆಲವು ಪುಟ್ಟ ಗಿಡಗಳು ಬೀಜರೂಪದಲ್ಲಿ ಮರಳಿನೊಳಗೆ ಕಾದಿದ್ದು, ಮಳೆ ಬಿದ್ದೊಡನೆ ಮೊಳೆತು, ಕೆಲವೇ ವಾರಗಳಲ್ಲಿ ಹೂ ಬಿಟ್ಟು, ಬೀಜ ಕಟ್ಟಿ ಬಾಳನ್ನು ಮುಗಿಸುತ್ತವೆ. ‘ಕೈರ್’ ಎಂಬ ಪೊದೆಯು ಎಲೆಯ ಮೂಲಕ ನೀರು ಆವಿಯಾಗುವುದೆಂದು ಎಲೆಗಳನ್ನೇ ತೊರೆದಿದೆ. ಅದರ ಹಸುರು ಕಾಂಡವೇ ಆಹಾರವನ್ನು ತಯಾರಿಸುತ್ತದೆ. ಅಮೆರಿಕ ಖಂಡದಿಂದ ಬಂದ ಪಾಪಸುಕಳ್ಳಿಯು ಕಾಂಡದಲ್ಲಿ ನೀರನ್ನು ಕೂಡಿಡುತ್ತದೆ. ಹಗಲಿನಲ್ಲಿ ತನ್ನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಂಡು, ತಂಪಾದ ಇರುಳಿನಲ್ಲಿ ಮಾತ್ರ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಪಡೆಯುತ್ತದೆ.

ಬನ್ನಿಯದು ಆಳಕ್ಕಿಳಿಯುವ ಮಾರ್ಗ. ಅದರ ತಾಯಿಬೇರು 30 ಮೀಟರಿಗೂ ಆಳಕ್ಕೆ ಹೋಗಿ ನೀರನ್ನು ಅರಸಬಲ್ಲುದು. ಆದುದರಿಂದಲೇ ಸುತ್ತಲಿನ ಹಸುರೆಲ್ಲ ಬಾಡಿದ ಬೇಸಿಗೆಯಲ್ಲೂ ಅದು ಚಿಗುರುತ್ತದೆ. ಎಲೆಗಳು ಕಿರಿದಾಗಿರುವುದರಿಂದ ನೀರಿನ ನಷ್ಟವೂ ಕಡಿಮೆ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ನೆಲವನ್ನು ಫಲವತ್ತಾಗಿಸುತ್ತವೆ. ಆಳದ ನೀರನ್ನು ನಂಬಿದ ಈ ಮರವು ಮೇಲ್ಮಣ್ಣಿನ ತೇವಕ್ಕಾಗಿ ಪೈರಿನೊಡನೆ ಅಷ್ಟಾಗಿ ಸ್ಪರ್ಧಿಸುವುದಿಲ್ಲ. ಆದ್ದರಿಂದ ರೈತರು ಹೊಲದ ನಡುವೆಯೇ ಅದನ್ನು ಉಳಿಸಿಕೊಂಡು ಸಜ್ಜೆ ಬೆಳೆಯುತ್ತಾರೆ. ಎಲೆ ದನಕರುಗಳಿಗೆ ಮೇವು. ‘ಸಾಂಗರಿ’ ಎಂಬ ಎಳೆಯ ಕಾಯಿ ಮನೆಮಂದಿಗೆ ಪಲ್ಯ. ಬರಗಾಲದಲ್ಲಿ ಎಷ್ಟೋ ಜೀವಗಳನ್ನು ಕಾಪಾಡಿದ ಮರವಿದು.

ಈ ಉಪಕಾರವನ್ನು ಅಲ್ಲಿಯ ಬಿಷ್ಣೋಯಿ ಜನರು ಮರೆಯಲಿಲ್ಲ. 1730ರಲ್ಲಿ ಜೋಧಪುರದ ಅರಸನ ಆಳುಗಳು ಖೇಜಡಲಿ ಗ್ರಾಮಕ್ಕೆ ಮರ ಕಡಿಯಲು ಬಂದಾಗ, ಅಮೃತಾದೇವಿ ಎಂಬ ಗೃಹಿಣಿ ಮರವನ್ನಪ್ಪಿಕೊಂಡು ಪ್ರಾಣವನ್ನೇ ಅರ್ಪಿಸಿದಳು. ಅಂದು 363 ಮಂದಿ ಬಲಿಯಾದರೆಂದು ಹೇಳಲಾಗುತ್ತದೆ.

ಮರುಭೂಮಿಯನ್ನು ಗೆದ್ದ ಆ ಮರಕ್ಕೇ ಇಂದು ಕಷ್ಟಕಾಲ ಬಂದಿದೆ. ಅಂತರ್ಜಲ ಕುಸಿಯುತ್ತಿದೆ, ಟ್ರ್ಯಾಕ್ಟರಿನ ಉಳುಮೆಗೆ ಎಳೆಯ ಸಸಿಗಳು ಸಿಕ್ಕಿ ನಾಶವಾಗುತ್ತಿವೆ, ಬೇರು ಕೊರೆಯುವ ಕೀಟ ಮತ್ತು ಶಿಲೀಂಧ್ರಗಳ ಬಾಧೆಯಿಂದ ಹಳೆಯ ಮರಗಳು ಒಣಗುತ್ತಿವೆ. ಸೌರವಿದ್ಯುತ್ ಸ್ಥಾವರಗಳಿಗಾಗಿ ಮರಗಳನ್ನು ಉರುಳಿಸುವುದರ ವಿರುದ್ಧ ಬಿಕಾನೇರ್ ಭಾಗದ ಜನರು ದನಿಯೆತ್ತಿದ್ದಾರೆ. ಬಿಸಿಲು, ಬರಗಳನ್ನು ತಾಳಿಕೊಂಡ ಮರವು ಮನುಷ್ಯನ ಅವಸರವನ್ನು ತಾಳಿಕೊಳ್ಳಲಾರದೇನೋ!

ನಮ್ಮ ಊರುಗಳಲ್ಲಿಯೂ ದಸರೆಯ ದಿನ ಬನ್ನಿಯ ಟೊಂಗೆಗಳನ್ನೇ ಮುರಿದು ತರುವುದುಂಟು. ಹಿರಿಯರಿಗೆ ಕೊಡಲು ನಾಲ್ಕು ಎಲೆ ಸಾಲದೆ? ಪೂಜಿಸುವ ಮರವನ್ನು ಉಳಿಸಿಕೊಳ್ಳುವುದು, ಊರ ಅಂಚಿನಲ್ಲಿ ಒಂದು ಬನ್ನಿಯ ಸಸಿಯನ್ನು ನೆಟ್ಟು ಮಕ್ಕಳಿಂದ ನೀರೆರೆಸುವುದು ಪೂಜೆಯ ಭಾಗವೇ ಆಗಲಿ. ಆಗ ನಾವು ಹಂಚುವ ಬಂಗಾರ ಮುಂದಿನ ಪೀಳಿಗೆಗೂ ದೊರೆತೀತು.