ಕೊಚ್ಚಿಯ ನೆಹೆಮಿಯಾ ಮೋತ

ಮಾದಪ್ಪನು ಉತ್ತರದೇಶದಿಂದ ಬಂದು ಎಪ್ಪತ್ತೇಳು ಮಲೆಗಳಲ್ಲಿ ನೆಲೆಗೊಂಡನೆಂಬ ಕಥೆಯನ್ನು ಕಂಸಾಳೆಯ ನಾದದೊಡನೆ ಕೇಳುತ್ತ ಬೆಳೆದ ಗೆಟ್ಟವಾಡಿ, ತಾಳವಾಡಿ ಸೀಮೆಯ ಜನರಿಗೆ, ಪರದೇಶದಿಂದ ಬಂದ ಸತ್ಪುರುಷನೊಬ್ಬನನ್ನು ಒಂದು ನಾಡು ತನ್ನವನೆಂದೇ ಬಗೆದು ಹರಕೆ ಹೊರುವುದು ವಿಸ್ಮಯವಾಗಿ ತೋರಲಾರದು. ಘಟ್ಟದಾಚೆ, ಕೊಚ್ಚಿಯಲ್ಲಿ, ಅಂತಹ ಭಕ್ತಿಗೆ ಪಾತ್ರನಾದವನು ಯಹೂದ್ಯ ಗುರು ನೆಹೆಮಿಯಾ ಮೋತ.

ಆತನ ಜನ್ಮಭೂಮಿ ಯಾವುದೆಂಬಲ್ಲಿ ಏಕಮತವಿಲ್ಲ. ಯೆಮೆನ್ ದೇಶದವನೆಂಬ ಐತಿಹ್ಯವುಂಟು, ಬೇರೆ ದೇಶಗಳನ್ನು ಹೆಸರಿಸುವವರೂ ಉಂಟು. ಮಾದಪ್ಪನ ಜನ್ಮಪತ್ರವನ್ನು ಕೇಳದೆಯೇ ಮಲೆಯೇರುವ ನಮ್ಮವರಿಗೆ ಈ ವಿವಾದ ಅಷ್ಟೇನೂ ಗಹನವಾದುದಲ್ಲ. ಯಹೂದ್ಯರ ಅನುಭಾವವಿದ್ಯೆಯಾದ ಕಬ್ಬಾಲಾದಲ್ಲಿ ಪಾರಂಗತನಾಗಿದ್ದ ಆತನು ಅಬ್ರಹಾಮನ ಮಗನೆಂದು ಕೊಚ್ಚಿಯಲ್ಲಿರುವ ಆತನ ಸಮಾಧಿಯ ಹೀಬ್ರೂ ಶಾಸನವು ಹೇಳುತ್ತದೆ. 17ನೆಯ ಶತಮಾನದ ಎರಡನೆಯ ದಶಕದಲ್ಲಿ, ಯಹೂದ್ಯ ಪಂಚಾಂಗದ ಕಿಸ್ಲೇವ್ ಮಾಸದ 25ರಂದು, ಆತನು ಕಾಲವಾದನು. ಅದು ಜೆರೂಸಲೇಮಿನ ದೇವಾಲಯದ ಪುನಃಶುದ್ಧಿಯನ್ನು ಸ್ಮರಿಸಿ ಎಂಟು ಇರುಳು ದೀಪ ಬೆಳಗಿಸುವ ಹನುಕ್ಕಾ ಹಬ್ಬದ ಮೊದಲ ದಿನ. ಆದುದರಿಂದ ಗುರುವಿನ ಪುಣ್ಯತಿಥಿಯು ಹಬ್ಬದೊಡನೆ ತಾನಾಗಿಯೇ ಕೂಡಿಕೊಂಡಿತು.

ಪೋರ್ಚುಗೀಸರ ಉಪಟಳದ ಆ ಕಾಲದಲ್ಲಿ ಯಹೂದ್ಯರಿಗೆ ಕೊಚ್ಚಿಯ ಅರಸರ ಆಸರೆಯಿದ್ದಿತು. ಮಟ್ಟಾಂಚೇರಿಯ ಅರಮನೆಯ ಮಗ್ಗುಲಲ್ಲಿಯೇ 1568ರಲ್ಲಿ ಅವರ ಪ್ರಾರ್ಥನಾಮಂದಿರವಾದ ಪರದೇಶಿ ಸಿನಗಾಗ್ ಎದ್ದಿತ್ತು. ಕವಿಯೂ ಆಗಿದ್ದ ಮೋತನ ಹೆಸರಿನಲ್ಲಿ ಪ್ರಸಿದ್ಧವಾದ ಹೀಬ್ರೂ ಸ್ತೋತ್ರಗಳು ಕೊಚ್ಚಿಯ ಯಹೂದ್ಯರ ಪ್ರಾರ್ಥನಾಸಂಗ್ರಹಗಳನ್ನು ಸೇರಿದುವು. ದೊಡ್ಡ ಗ್ರಂಥವೊಂದನ್ನು ಬರೆದಿಟ್ಟಿದ್ದರೆ ಆತನನ್ನು ಪಂಡಿತರಷ್ಟೇ ಬಲ್ಲವರಾಗಿರುತ್ತಿದ್ದರೇನೋ; ಹಾಡಾದುದರಿಂದ ಮನೆಮನೆಯನ್ನು ಹೊಕ್ಕನು.

ಸಮಾಧಿಯ ಸುತ್ತಲಿದ್ದ ಹಳೆಯ ಸ್ಮಶಾನವು ಅಳಿದುಹೋಗಿ ಅಲ್ಲಿ ಮನೆಗಳೆದ್ದಿವೆ. ಈ ಒಂದು ಗೋರಿಯನ್ನು ಮಾತ್ರ ಜನರು ಉಳಿಸಿಕೊಂಡರು. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಎಲ್ಲರೂ ಅಲ್ಲಿಗೆ ಬಂದು ಮೇಣದ ಬತ್ತಿ ಹಚ್ಚಿ ಹರಕೆ ಹೊರುತ್ತಾರೆ. ನಮ್ಮ ದರ್ಗಾಗಳಲ್ಲಿ, ಗದ್ದುಗೆಗಳಲ್ಲಿ ನಡೆಯುವಂತೆ ಅಲ್ಲಿಯೂ ಬಂದವರ ಕುಲಗೋತ್ರಗಳನ್ನು ವಿಚಾರಿಸುವವರಿಲ್ಲ.

1948ರಲ್ಲಿ ಇಸ್ರೇಲ್ ರಾಷ್ಟ್ರವು ಸ್ಥಾಪಿತವಾಯಿತು. ಮುಂದೆ 1950ರ ದಶಕದಲ್ಲಿ ಕೊಚ್ಚಿಯ ಯಹೂದ್ಯರಲ್ಲಿ ಬಹುಪಾಲು ಜನ, ಯಾರೂ ಓಡಿಸದೆಯೇ, ಪೂರ್ವಜರ ಪುಣ್ಯಭೂಮಿಯೆಂಬ ಶ್ರದ್ಧೆಯಿಂದ ಅಲ್ಲಿಗೆ ತೆರಳಿದರು. ನೆಗೆವ್ ಮರುಭೂಮಿಯ ನೆವಾತಿಮ್ ಮೊದಲಾದ ಕೃಷಿಗ್ರಾಮಗಳಲ್ಲಿ ನೆಲೆಸಿದರು. ಸ್ತೋತ್ರಗಳ ಸಂಪುಟಗಳು ಅವರೊಡನೆ ಹೋದುವು, ಗೋರಿಯೊಂದು ಹೋಗುವಂತಿರಲಿಲ್ಲ. ಇಂದು ಅದರ ಮುಂದೆ ಕೈಮುಗಿಯುವ ನೆರೆಹೊರೆಯವರಲ್ಲಿ ಹೀಬ್ರೂ ಶಾಸನವನ್ನು ಓದಬಲ್ಲವರು ವಿರಳ. ಕಬ್ಬಾಲಾದ ಗೊಡವೆಯೂ ಅವರಿಗಿಲ್ಲ. ಕಷ್ಟಕಾಲದಲ್ಲಿ ಹೇಳಿಕೊಂಡರೆ ಕೇಳುವ ಹಿರಿಯನೆಂದೇ ಅವರು ಮೋತನನ್ನು ಬಲ್ಲರು.