ಯಂತ್ರಗಳ ದಿನಚರಿಯಲ್ಲಿ ಯಾವ ಊರಿನ ಗಂಟೆ?

ಹ್ರಸ್ವತರಂಗಗಳಲ್ಲಿ ದೂರದೇಶದ ನಿಲಯಗಳನ್ನು ಕೇಳುವ ಹವ್ಯಾಸವುಳ್ಳವರು ಒಂದು ಸಂಗತಿಯನ್ನು ಬಲ್ಲರು. ಆ ನಿಲಯಗಳ ಕಾರ್ಯಕ್ರಮ ಪಟ್ಟಿಯಲ್ಲಿ ವೇಳೆಯನ್ನು ಸಾಮಾನ್ಯವಾಗಿ ಜಗತ್ತಿಗೆಲ್ಲ ಒಂದೇ ಆದ ವಿಶ್ವಕಾಲದಲ್ಲಿ, ಅಂದರೆ ಯುಟಿಸಿಯಲ್ಲಿ ಕೊಟ್ಟಿರುತ್ತಾರೆ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ವೇಳೆ ದೊರೆಯುತ್ತದೆ. ಈ ಕ್ರಮವೇ ಇಂದು ಅಂತರ್ಜಾಲಕ್ಕೆ ಸೇರಿದ ಯಂತ್ರಗಳಿಗೂ ಅಗತ್ಯವಾಗಿದೆ.

ಕಂಪ್ಯೂಟರು, ಬಾಗಿಲಿನ ಬೀಗ, ಕಾವಲು ಕ್ಯಾಮೆರಾ ಮೊದಲಾದ ಯಂತ್ರಗಳು ತಮ್ಮಲ್ಲಿ ನಡೆದುದನ್ನು ವೇಳೆಸಹಿತ ಬರೆದಿಡುತ್ತವೆ. ಈ ದಿನಚರಿಗೆ 'ಲಾಗ್' ಎಂದು ಹೆಸರು. ಬೆಂಗಳೂರಿನ ಕಚೇರಿಯೊಂದರ ಬಾಗಿಲು ಜನವರಿ 5ರ ಬೆಳಿಗ್ಗೆ 7-40ಕ್ಕೆ ತೆರೆಯಿತೆಂದೂ, ಆ ಕಚೇರಿಯ ಗುಟ್ಟಿನ ಕಡತವನ್ನು ಯಾರೋ ತೆರೆದುದನ್ನು ನ್ಯೂಯಾರ್ಕಿನ ಕಂಪ್ಯೂಟರು ಜನವರಿ 4ರ ರಾತ್ರಿ 9-15 ಎಂದು ಬರೆದುಕೊಂಡಿತೆಂದೂ ಭಾವಿಸೋಣ. ಊರಿನ ಹೆಸರಿಲ್ಲದೆ ಓದಿದವರು ರಾತ್ರಿಯ ಕಾವಲುಗಾರನನ್ನೇ ಶಂಕಿಸಿಯಾರು! ವಿಶ್ವಕಾಲದಲ್ಲಿಯಾದರೋ ಬಾಗಿಲು ತೆರೆದದ್ದು 5ನೆಯ ತಾರೀಖು 2-10ಕ್ಕೆ, ಕಡತ ತೆರೆದದ್ದು 2-15ಕ್ಕೆ. ಬೆಳಿಗ್ಗೆ ಒಳಗೆ ಬಂದವರನ್ನು ವಿಚಾರಿಸಬೇಕೇ ಹೊರತು ಕಾವಲುಗಾರನನ್ನಲ್ಲ. ಒಂದು ಗುರುತಿನ ಲೋಪದಿಂದ ನಿರಪರಾಧಿಯ ಮಾನ ಹೋಗಬಹುದಷ್ಟೆ.

ಇನ್ನೊಂದು ತೊಡಕುಂಟು. ನ್ಯೂಯಾರ್ಕಿನಲ್ಲಿ ನವೆಂಬರಿನ ಮೊದಲ ಭಾನುವಾರ ನಸುಕಿನ 2 ಗಂಟೆಗೆ ಗಡಿಯಾರವನ್ನು ಹಿಂದೆ ಸರಿಸಿ 1 ಗಂಟೆ ಮಾಡುತ್ತಾರೆ. ಆ ದಿನ 1-30 ಎಂಬ ವೇಳೆ ಎರಡು ಸಲ ಬರುತ್ತದೆ. ಬರಿಯ '1-30' ಎಂದು ಬರೆದರೆ ಯಾವುದೆಂದು ತಿಳಿಯುವ ಬಗೆ ಹೇಗೆ?

ಆದುದರಿಂದ ನಿಯಮ ಇಷ್ಟು: ದಿನಚರಿಯನ್ನು ವಿಶ್ವಕಾಲದಲ್ಲಿ ಬರೆಯಿಸಬೇಕು; ಓದುವವರ ಅನುಕೂಲಕ್ಕಾಗಿ ತೋರಿಸುವಾಗ ಮಾತ್ರ ಸ್ಥಳೀಯ ವೇಳೆಗೆ ತಿರುಗಿಸಬೇಕು. ಸ್ಥಳೀಯ ವೇಳೆಯನ್ನೇ ಬರೆಯುವುದಾದರೆ ಪಕ್ಕದಲ್ಲಿ '+05:30' ಎಂಬ ಅಂತರವನ್ನು ತಪ್ಪದೆ ಸೇರಿಸಬೇಕು. ವರ್ಷವನ್ನೂ ಬಿಡಬಾರದು.

ಗಡಿಯಾರವೇ ತಪ್ಪಿದ್ದರೆ ಈ ನಿಯಮವೂ ವ್ಯರ್ಥ. ಯಂತ್ರಗಳು ಎನ್‌ಟಿಪಿ ಎಂಬ ಏರ್ಪಾಡಿನಿಂದ ಅಂತರ್ಜಾಲದ ಮೂಲಕ ಸರಿಯಾದ ವೇಳೆಯನ್ನು ಕೇಳಿ ತಿದ್ದಿಕೊಳ್ಳುತ್ತವೆ. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶವು ಸಂಸ್ಥೆಗಳು ಗಡಿಯಾರಗಳನ್ನು ಹೀಗೆ ಹೊಂದಿಸಿಕೊಳ್ಳಬೇಕೆಂದೂ, ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕೆಂದೂ ವಿಧಿಸಿತು.

ನಿಮ್ಮ ಮನೆಯ ಬಾಗಿಲಲ್ಲಿ ಕ್ಯಾಮೆರಾ ಇದ್ದರೆ ಅದರ ವೇಳೆಯನ್ನು ರೇಡಿಯೋ ವೇಳೆಯೊಡನೆ ಹೋಲಿಸಿ ನೋಡಿರಿ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆಯಾದರೆ ಗಡಿಯಾರ ಕೆಟ್ಟಿಲ್ಲ. ಅದು ವಿಶ್ವಕಾಲವನ್ನು ಹೇಳುತ್ತಿದೆಯೆಂದು ತಿಳಿಯಿರಿ.