ಮುಂಗಾರಿನಲ್ಲಿ ಹಾವಿನ ಮರಿಗಳು: ರೈತರು ವಹಿಸಬೇಕಾದ ಎಚ್ಚರಿಕೆ

ಕುಂದಗೋಳ ತಾಲ್ಲೂಕಿನ ಕುಬಿಹಾಳದಂತಹ ಎರೆಭೂಮಿಯ ಊರುಗಳಲ್ಲಿ ಹೆಸರು, ಶೇಂಗಾ ಹೊಲಗಳ ಕಳೆ ತೆಗೆಯುವ ಕಾಲವೂ ಹಾವಿನ ಮರಿಗಳು ಹೊರಬೀಳುವ ಕಾಲವೂ ಒಂದೇ. ಬೇಸಿಗೆಯಲ್ಲಿ ಬಿರಿದ ಎರೆಮಣ್ಣು ಮಳೆಗೆ ಉಬ್ಬಿ ಬಿರುಕುಗಳು ಮುಚ್ಚಿಕೊಂಡಾಗ ಅಲ್ಲಿದ್ದ ಇಲಿ, ಹಾವುಗಳು ಬದು, ಬಣವೆಗಳ ಆಸರೆ ಹುಡುಕುತ್ತವೆ.

ನಾಗರಹಾವು ಇಲಿಯ ಬಿಲ ಅಥವಾ ಹುತ್ತದಲ್ಲಿ ಸಾಮಾನ್ಯವಾಗಿ 12ರಿಂದ 30 ಮೊಟ್ಟೆಗಳನ್ನಿಡುತ್ತದೆ. ಸುಮಾರು 2 ತಿಂಗಳಿಗೆ ಅವು ಒಡೆದು ಮರಿಗಳಾಗುತ್ತವೆ. ಕೊಳಕುಮಂಡಲವು ನೇರವಾಗಿ ಮರಿ ಹಾಕುತ್ತದೆ. ಒಂದೇ ಸಲಕ್ಕೆ 20ರಿಂದ 40 ಮರಿಗಳಿರಬಹುದು. ಆದ್ದರಿಂದ ಒಂದು ಮರಿ ಕಂಡಲ್ಲಿ ಇನ್ನೂ ಹಲವು ಇರುವ ಸಂಭವವುಂಟು. ಈ ಮರಿಗಳಿಗೆ ಹುಟ್ಟಿನಿಂದಲೇ ವಿಷವಿರುತ್ತದೆ. ಸಣ್ಣ ಮರಿ ಕಚ್ಚಿದರೆ ಏನೂ ಆಗದೆಂಬ ಭಾವನೆ ಪ್ರಾಣಕ್ಕೆ ಎರವಾದೀತು.

ಸಿಕ್ಕ ಹಾವನ್ನೆಲ್ಲ ಕೊಲ್ಲುವುದು ಪರಿಹಾರವಲ್ಲ. ವಿಷವಿಲ್ಲದ ಕೇರೆಹಾವು ಇಲಿಗಳನ್ನು ತಿಂದು ಬೆಳೆ ಕಾಯುತ್ತದೆ. ಬದಲಾಗಿ ಕೆಳಗಿನ ಕ್ರಮಗಳನ್ನು ಅನುಸರಿಸಬೇಕು.

1. ಬಿತ್ತನೆಗೆ ಮೊದಲೇ ಇಲಿಗಳನ್ನು ಹತೋಟಿ ಮಾಡಿ, ಬದುವಿನ ಕಸಕಡ್ಡಿ ತೆಗೆಯಬೇಕು.

2. ಬಣವೆ, ಕುಳ್ಳು, ಕಟ್ಟಿಗೆಗಳನ್ನು ಮನೆಯಿಂದ ದೂರವಿಡಬೇಕು. ಕೈ ಹಾಕುವ ಮೊದಲು ಕೋಲಿನಿಂದ ಅಲುಗಿಸಬೇಕು.

3. ಹೊಲದಲ್ಲಿ ಮುಚ್ಚಿದ ಪಾದರಕ್ಷೆ ಧರಿಸಬೇಕು. ರಾತ್ರಿ ಬ್ಯಾಟರಿ ಇಲ್ಲದೆ ಹೋಗಬಾರದು. ನೆಲದ ಮೇಲೆ ಮಲಗುವವರು ಸೊಳ್ಳೆಪರದೆ ಕಟ್ಟಿ ಅಂಚನ್ನು ಹಾಸಿಗೆಯಡಿ ಸೇರಿಸಬೇಕು.

ಹಾವು ಕಚ್ಚಿದಲ್ಲಿ ಗಾಯ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಸಲ್ಲದು. ಕಡಿತಕ್ಕೊಳಗಾದವರನ್ನು ನಡೆಸದೆ, ಕಚ್ಚಿದ ಅಂಗ ಅಲುಗಾಡದಂತೆ ಪಟ್ಟಿಯ ಆಸರೆ ಕೊಟ್ಟು, ಕೂಡಲೇ ಕುಂದಗೋಳ ಅಥವಾ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗೆ ಸಾಗಿಸಬೇಕು. ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದೇ ಔಷಧ. ಮಂತ್ರ, ನಾಟಿಮದ್ದೆಂದು ಕಳೆಯುವ ಪ್ರತಿ ನಿಮಿಷವೂ ಅಪಾಯವನ್ನು ಹೆಚ್ಚಿಸುತ್ತದೆ.